ಚೆಂಗಮ್ಮನೂ ನನ್ನ ಹೊಟ್ಟೆಕಿಚ್ಚೂ

ನಮ್ಮ ಮನೆಯಲ್ಲಿ ಯಾರಾದರೂ ಹೊರಗಿನವರ ಅಡುಗೆಯನ್ನು ಹೊಗಳಿದರೆ ನಾನು ಸುಮ್ಮನಿರುವುದಿಲ್ಲ. ಇದು ನನ್ನ ಹಳೆಯ ಚಾಳಿ. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದವರಿಂದ ಒಂದು ಡಬ್ಬಿ ಬದನೆಕಾಯಿ ಪಲ್ಯ ಬಂತು. ನನ್ನ ಮಗ ಎರಡು ಸಲ ಹಾಕಿಸಿಕೊಂಡು "ಚೆನ್ನಾಗಿದೆ" ಎಂದ. ಅಷ್ಟೇ ಅಂದದ್ದು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, ಮಾಡಿದವಳು ಯಾರು, ಯಾವ ಊರಿನ ಕಡೆಯವಳು, ವಯಸ್ಸೆಷ್ಟು ಎಂದು ವಿಚಾರಣೆ ಶುರುಮಾಡಿದೆ. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮಗನಿಗೆ ಐವತ್ತಾಯಿತು, ಪಲ್ಯ ಕಳಿಸಿದಾಕೆಗೆ ಎಪ್ಪತ್ತರ ಮೇಲೆ. ಆದರೂ ನನಗೆ ಆಕೆಯನ್ನು ಒಂದು ಸಲ ನೋಡಿಬರಬೇಕು ಅನ್ನಿಸಿತು. ಹೋಗಿ ನೋಡಿಯೂ ಬಂದೆ. ಈ ಚಾಳಿ ನನಗೆ ಅಂಟಿದ್ದು ಯುದ್ಧದ ಕಾಲದಲ್ಲಿ. ಅಂಟಿಸಿದವಳು ಚೆಂಗಮ್ಮ.

ನನ್ನ ತವರು ಆವನಿ. ಅಪ್ಪ ಅಲ್ಲಿ ಶಾಲೆಯ ಮೇಷ್ಟರು. ನನ್ನನ್ನು ನಾಲ್ಕನೆಯ ತರಗತಿವರೆಗೆ ಓದಿಸಿ, "ಕಾಗದ ಬರೆಯೋದು ಓದೋದು ಬಂತು, ಇನ್ನು ಸಾಕು" ಎಂದು ತಾಯಲೂರಿನ ಹತ್ತಿರದ ಒಂದು ಹಳ್ಳಿಗೆ ಮದುವೆ ಮಾಡಿಕೊಟ್ಟರು. ಗಂಡನ ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರು. ಇದ್ದದ್ದು ಕೆರೆಯ ಕೆಳಗೆ ಎರಡು ತುಂಡು ಜಮೀನು. ನಾಲ್ವರೂ ಒಟ್ಟಿಗೆ ಇಳಿದರೆ ಪೈರು ನಿಲ್ಲುವುದಕ್ಕೇ ಜಾಗ ಇರುತ್ತಿರಲಿಲ್ಲ. ಹಾಗಾಗಿ ಮೂರನೆಯವರಾದ ನಮ್ಮ ಯಜಮಾನರು ಗಣಿಗೆ ಹೊರಟರು. ಗಣಿ ಎಂದರೆ ನಮ್ಮ ಕಡೆ ಚಿನ್ನದ ಗಣಿ. ಬೇರೆ ಯಾವುದೂ ನಮಗೆ ಗೊತ್ತಿರಲಿಲ್ಲ. ಆಗ ನಮಗೆ ಮದುವೆಯಾಗಿ ಎಂಟು ತಿಂಗಳು. ಅವರ ಹೆಸರು ಮುನಿಶಾಮಿ. ಆ ಕಾಲದಲ್ಲಿ ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಈಗ ಬರೆಯುವುದಾದರೆ ನಡೆಯುತ್ತದೆ ಎಂದುಕೊಂಡಿದ್ದೇನೆ.

ಊರಿನಿಂದ ಗಣಿಗೆ ಒಂದು ದಿನದ ದಾರಿ. ಆದರೆ ರಜ ಸಿಗದವನಿಗೆ ಅದೂ ಕಾಶಿಯಷ್ಟೇ ದೂರ. ತಿಂಗಳಿಗೊಮ್ಮೆ, ಒಮ್ಮೊಮ್ಮೆ ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು. ಬಂದವರು ಮೊದಲ ದಿನ ಪೂರ್ತಿ ಮಲಗಿರುತ್ತಿದ್ದರು. ಗಣಿಯ ವಿಷಯ ಕೇಳಿದರೆ ಯಾರದೋ ಕಥೆ ಹೇಳುವ ಹಾಗೆ ಹೇಳುತ್ತಿದ್ದರು. ಲೈನು ಎಂದು ಕರೆಯುವ ಗುಡಿಸಲು ಸಾಲುಗಳಲ್ಲಿ ವಾಸ. ಬಿದಿರು ತಟ್ಟಿಯ ಗೋಡೆ, ತಗ್ಗಿ ಒಳಗೆ ಹೋಗಬೇಕು. ಒಂದು ಗುಡಿಸಲಿಗೆ ಆರು ಜನ ಗಂಡಸರು, ಆರು ಜನಕ್ಕೆ ಮೂರು ಚಾಪೆ. ಒಬ್ಬ ಪಾಳಿಗೆ ಎದ್ದು ಹೋದ ಕೂಡಲೇ ಇನ್ನೊಬ್ಬ ಪಾಳಿ ಮುಗಿಸಿ ಬಂದು ಅದೇ ಚಾಪೆಯ ಮೇಲೆ ಬೀಳುವುದು.

"ಚಾಪೆ ಆರೋದೇ ಇಲ್ಲ ಕಣೇ. ಯಾವಾಗ ಮಲಗಿದ್ರೂ ಬೆಚ್ಚಗಿರ್ತದೆ" ಎಂದು ನಗುತ್ತಿದ್ದರು.

ಭೂಮಿಯ ಒಳಗೆ ಕುಲುಮೆಯಂಥ ಸೆಕೆಯಂತೆ. ಬೆವರು ಸುರಿಸಿಕೊಂಡು ಮೇಲೆ ಬಂದರೆ ಚಳಿಗಾಲದ ಗಾಳಿಗೆ ಹಲ್ಲು ಕಟಕಟ ಎನ್ನುವುದಂತೆ. ಮನೆಗೆ ಬಿಡುವ ಮುಂಚೆ ಬಾಯಿ ತೆರೆಸಿ, ತಲೆಗೂದಲು ಕೆದರಿಸಿ ನೋಡುತ್ತಿದ್ದರಂತೆ, ಎಲ್ಲಾದರೂ ಚಿನ್ನದ ಚೂರು ಅಡಗಿಸಿಕೊಂಡಿದ್ದಾರೋ ಎಂದು. ಇಷ್ಟೆಲ್ಲ ಕೇಳಿದ ಹೆಂಡತಿಗೆ ಅಯ್ಯೋ ಅನ್ನಿಸಬೇಕು. ನನಗೂ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಅದರ ಹಿಂದೆಯೇ ಅವರು ಇನ್ನೊಂದು ಮಾತು ಸೇರಿಸಿದರು.

"ಊಟಕ್ಕೇನೂ ತೊಂದ್ರೆ ಇಲ್ಲ. ಚೆಂಗಮ್ಮ ಅಂತ ಒಬ್ಳವ್ಳೆ. ಸಾರಿಗೆ ಹುಣಸೇಹಣ್ಣು ಸುಟ್ಟು ಹಾಕ್ತಾಳೆ. ಅದರ ರುಚಿನೇ ಬೇರೆ."

ನನ್ನ ಗಂಡ ಅಡುಗೆಯ ಬಗ್ಗೆ ಬಾಯಿ ಬಿಟ್ಟದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಉಪ್ಪಿಲ್ಲದೆ ಇಟ್ಟರೂ ಉಂಡು ಏಳುವ ಮನುಷ್ಯ. ಆ ದಿನ ನಾನು ಮಾಡಿದ್ದು ಹುರುಳಿ ಬಸ್ಸಾರು. ನಮ್ಮೂರಲ್ಲಿ ಅದಕ್ಕೆ ನನ್ನದೇ ಹೆಸರು. ಅದರ ಬಗ್ಗೆ ಒಂದು ಮಾತಿಲ್ಲ.

ಅವರು ಹೋದ ಮೇಲೆ ನಾನೂ ಗುಟ್ಟಾಗಿ ಹುಣಸೇಹಣ್ಣನ್ನು ಕೆಂಡದ ಮೇಲೆ ಸುಟ್ಟೆ. ಎಷ್ಟು ಸುಡಬೇಕು ಎಂದು ಯಾರನ್ನು ಕೇಳುವುದು? ಅದು ಇದ್ದಿಲಾಯಿತು. ಹಾಗೆಯೇ ಹಿಂಡಿದೆ. ನಮ್ಮ ಅತ್ತೆ ಒಂದು ತುತ್ತು ಬಾಯಿಗಿಟ್ಟು ಕಣ್ಣು ಕಿರಿದು ಮಾಡಿದರು.

"ಲೇ ನಾರಾಯಣಮ್ಮ, ಸಾರಿಗೆ ಒಲೆ ಬೂದಿ ಬಿತ್ತೇನೇ?"

"ಇಲ್ಲ ಅತ್ತೆ, ಹೊಸ ಥರ ಮಾಡಿದೀನಿ."

"ಹಳೇ ಥರಾನೇ ಇರ್ಲಿ, ನಮ್ಮವ್ವಾ" ಎಂದು ಮಜ್ಜಿಗೆ ಬೆರೆಸಿಕೊಂಡರು.

ಮುಂದಿನ ಸಲ ಬಂದಾಗ ಅವರ ಅಂಗಿಯ ಭುಜದಲ್ಲಿ ಒಂದು ಹೊಲಿಗೆ ಕಂಡಿತು. ಹರಿದದ್ದನ್ನು ಕೆಂಪು ದಾರದಲ್ಲಿ, ಇರುವೆ ಸಾಲಿನ ಹಾಗೆ ಸಣ್ಣಗೆ, ಒತ್ತೊತ್ತಾಗಿ ಹೊಲಿದಿದ್ದರು. ಗಂಡಸಿನ ಕೈಯಲ್ಲಿ ಆಗುವ ಕೆಲಸವಲ್ಲ ಅದು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅವರು ಮಲಗಿದ್ದಾಗ ಸೂಜಿ ಹಿಡಿದು ಕೂತು ಆ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದೆ. ಗಟ್ಟಿಯಾಗಿತ್ತು, ಅದಕ್ಕೂ ಸಿಟ್ಟು ಬಂತು. ಆಮೇಲೆ ನನ್ನ ಬಿಳಿ ದಾರದಲ್ಲಿ ಹೊಲಿದೆ. ಎರಡು ತಿಂಗಳು ಬಿಟ್ಟು ಅದೇ ಅಂಗಿ ವಾಪಸು ಬಂತು. ನನ್ನ ಬಿಳಿ ದಾರ ಕಿತ್ತುಹೋಗಿ, ಅದರ ಮೇಲೆ ಮತ್ತೆ ಇರುವೆ ಸಾಲು, ಮತ್ತೆ ಕೆಂಪು ದಾರ.

ನಿಮಗೆ ನಗು ಬರಬಹುದು. ನನಗೆ ಆ ದಿನ ಊಟ ಸೇರಲಿಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು ಗಣಿಗೆ ಹೋದ ಗಂಡಸರು ಅಲ್ಲಿ ಇನ್ನೊಂದು ಸಂಸಾರ ಹೂಡಿದ ಕಥೆಗಳನ್ನು ಹೇಳುತ್ತಿದ್ದರು. ಮೊದಲೆಲ್ಲ ನಾನೂ ಬಿಂದಿಗೆ ಪಕ್ಕಕ್ಕಿಟ್ಟು ಖುಷಿಯಾಗಿ ಕೇಳುತ್ತಿದ್ದವಳು. ಆಮೇಲೆ ಆ ಕಥೆ ಶುರುವಾದರೆ ಅರ್ಧ ಬಿಂದಿಗೆಗೇ ಎತ್ತಿಕೊಂಡು ಬಂದುಬಿಡುತ್ತಿದ್ದೆ.

ಎರಡು ವರ್ಷ ಹೀಗೆ ಉರಿದೆ. ಆಮೇಲೆ ಒಂದು ಸಲ ಮೂರು ತಿಂಗಳಾದರೂ ಅವರು ಬರಲಿಲ್ಲ. ಯುಗಾದಿ ಹಬ್ಬಕ್ಕೂ ಬರಲಿಲ್ಲ. ಹಬ್ಬ ಕಳೆದು ಒಂದು ಕಾಗದ ಬಂತು, ಗುಡಿಸಲಿನ ಜೊತೆಗಾರನೊಬ್ಬನ ಕೈಯಲ್ಲಿ ಬರೆಸಿದ್ದು. ಅತ್ತೆ ಎದುರಿಗೆ ಕೂತು ಕಿವಿಗೊಟ್ಟರು. ನಾನು ಓದಿದೆ: ಕೆಲಸ ಜಾಸ್ತಿ ಇದೆ, ಈಗ ಬರುವುದಕ್ಕಾಗುವುದಿಲ್ಲ, ಯಾರೂ ಯೋಚನೆ ಮಾಡಬೇಡಿ.

"ಇನ್ನೂ ಏನೋ ಐತಲ್ಲ ಕೆಳಗೆ" ಎಂದರು ಅತ್ತೆ. ಅವರಿಗೆ ಅಕ್ಷರ ಬಾರದು. ಆದರೆ ಬರೆದ ಸಾಲು ಎಷ್ಟಿದೆ, ನಾನು ಓದಿದ್ದು ಎಷ್ಟು ಎನ್ನುವುದು ಕಣ್ಣಿಗೆ ಕಾಣುತ್ತಿತ್ತು.

"ಏನಿಲ್ಲ ಅತ್ತೆ, ನಮಸ್ಕಾರ ಗಿಮಸ್ಕಾರ."

"ಅದನ್ನೂ ಓದು."

ಓದಲೇಬೇಕಾಯಿತು. "ಚೆಂಗಮ್ಮ ಎಲ್ಲಾ ನೋಡಿಕೊಳ್ಳುತ್ತಿದ್ದಾಳೆ."

ಅತ್ತೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ, "ನೋಡ್ಕೊಳ್ಳೋ ಅಂಥದ್ದು ಏನಾಯ್ತೇ ನನ್ನ ಮಗನಿಗೆ?" ಎಂದರು.

ಅವರಿಗೆ ಆ ಸಾಲಿನಲ್ಲಿ ಮಗ ಕಂಡ. ನನಗೆ ಕಂಡದ್ದು ಚೆಂಗಮ್ಮ ಮಾತ್ರ. ಮರುದಿನವೇ ಇಬ್ಬರೂ ಗಣಿಗೆ ಹೊರಟೆವು. ನಾನು ಮದುವೆಯ ಕುಂಕುಮ ಬಣ್ಣದ ಸೀರೆ ಉಟ್ಟು, ದಂಡೆ ಮಲ್ಲಿಗೆ ಮುಡಿದು, ಮೂಗುಬೊಟ್ಟನ್ನು ಹುಣಸೇಹಣ್ಣಿನಲ್ಲಿ ಉಜ್ಜಿ ಹೊಳಪು ಮಾಡಿಕೊಂಡು ಹೊರಗೆ ಬಂದೆ. ಅತ್ತೆ ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಯಾರ ಮದುವೇಗೇ ಹೊರಟಿದೀಯಾ?"

ಬೇತಮಂಗಲದವರೆಗೆ ಗಾಡಿಯಲ್ಲಿ ಹೋಗಿ, ಅಲ್ಲಿಂದ ಬಸ್ಸು ಹತ್ತಿದೆವು. ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದಾಗ ಎಲ್ಲರೂ ಇಳಿದು ನಡೆಯಬೇಕು. ಗಣಿ ಮುಟ್ಟುವಷ್ಟರಲ್ಲಿ ನನ್ನ ಸೀರೆಯ ಮೇಲೆ ಮಸಿ, ಮುಡಿಯಲ್ಲಿ ಮಲ್ಲಿಗೆ ಬಾಡಿ ನಾರು ಉಳಿದಿತ್ತು. ಒಂದು ಕಡೆ ಬೂದಿ ಬಣ್ಣದ ಮಣ್ಣಿನ ಗುಡ್ಡಗಳು, ಇನ್ನೊಂದು ಕಡೆ ಆಕಾಶಕ್ಕೆ ನಿಂತ ಕಬ್ಬಿಣದ ದೊಡ್ಡ ಗಾಲಿಗಳು. ಕೇಳಿಕೊಂಡು ಕೇಳಿಕೊಂಡು ಲೈನಿಗೆ ಬಂದೆವು. ಎಲ್ಲ ಗುಡಿಸಲೂ ಒಂದೇ ಥರ. ಕೊನೆಯ ಗುಡಿಸಲಿನ ಮುಂದೆ ಒಬ್ಬ ಹೆಂಗಸು ಗಡಿಗೆಯ ಎದುರು ನಿಂತು, ಎರಡೂ ಕೈಯಲ್ಲಿ ಕೋಲು ಹಿಡಿದು ರಾಗಿ ಮುದ್ದೆ ತಿರುವುತ್ತಿದ್ದಳು.

ದಾರಿಯುದ್ದಕ್ಕೂ ನಾನು ದೇವರಲ್ಲಿ ಕೇಳಿಕೊಂಡದ್ದು ಒಂದೇ: ಚೆಂಗಮ್ಮ ನೋಡಲು ಚೆನ್ನಾಗಿರಬಾರದು. ದೇವರು ಕೇಳಿಸಿಕೊಂಡಿರಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಎತ್ತರ, ಕಪ್ಪು, ನೆಟ್ಟಗಿನ ಬೆನ್ನು, ದೊಡ್ಡ ಕಣ್ಣು. ಹಣೆ ಬರಿದಾಗಿತ್ತು. ಅಷ್ಟಾದರೂ ನೋಡಿದವರು ಇನ್ನೊಮ್ಮೆ ನೋಡುವ ಹಾಗಿದ್ದಳು.

"ಎವರು ಕಾವಾಲಮ್ಮಾ? ಯಾರು ಬೇಕು?" ಎಂದಳು.

"ಮುನಿಶಾಮಿ ತಾಯಿ ನಾನು" ಎಂದರು ಅತ್ತೆ.

ಕೋಲನ್ನು ಗಡಿಗೆಯಲ್ಲೇ ಬಿಟ್ಟು ಓಡಿಬಂದಳು. "ರಾ ಪೆದ್ದಮ್ಮಾ, ಬಾ! ತಮ್ಮುಡು ಒಳಗವ್ನೆ, ಗಾಬರಿ ಬೀಳ್ಬೇಡ, ಈಗ ಚೆನ್ನಾಗವ್ನೆ." ಅತ್ತೆಯ ಕೈ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ಮಸಿ ಹಿಡಿದ ಸೀರೆ, ಮಲ್ಲಿಗೆಯ ನಾರು, ಮೂಗುಬೊಟ್ಟು, ಎಲ್ಲ ನೋಡಿ ಮುಗಿಸಿ ಕೇಳಿದಳು, "ನೀನೇನಾ ಬಸ್ಸಾರು?"

ಆ ಲೈನಿನಲ್ಲಿ ನನ್ನ ಹೆಸರು ಬಸ್ಸಾರು ಎಂದು ತಿಳಿದದ್ದು ಆಗ.

"ಎರಡು ವರ್ಷದಿಂದ ಕೇಳಿ ಕೇಳಿ ಕಿವಿ ತೂತಾಯ್ತಮ್ಮಾ! ಊಟಕ್ಕೆ ಕೂತ್ರೆ ಸಾಕು, ನಮ್ಮನೇಲಿ ಹುರುಳಿ ಬಸ್ಸಾರು ಮಾಡ್ತಾಳೆ, ಇದು ಹಂಗಿಲ್ಲ ಅಂತಾನೆ. ಇನ್ನೊಂದು ದಿನ ಅಂದ್ರೆ ಸೌಟಲ್ಲಿ ಹೊಡೀತೀನಿ ಅಂದಿದ್ದೆ. ಹನ್ನೆರಡು ಜನಕ್ಕೆ ಬೇಯಿಸಿ ಹಾಕ್ತೀನಿ, ಒಬ್ಬನ ಬಾಯಲ್ಲಾದ್ರೂ ನನ್ನ ಸಾರು ಚೆನ್ನಾಗದೆ ಅಂತ ಬರಬೇಕಲ್ಲ!"

ನಾನು ಯಾರ ಮೇಲೆ ಉರಿಯುತ್ತಿದ್ದೆನೋ ಅವಳು ಅಷ್ಟೂ ದಿನ ನನ್ನ ಮೇಲೆ ಉರಿಯುತ್ತಿದ್ದಳು. ಒಳಗೆ ಗಂಡ ಹೇಗೆ ಮಲಗಿದ್ದಾರೋ ಇನ್ನೂ ನೋಡಿರಲಿಲ್ಲ. ಆ ಗಳಿಗೆಯಲ್ಲೂ ನನಗೆ ಸಂತೋಷವಾಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ತಗ್ಗಿ ಒಳಗೆ ಹೋದೆವು. ಅವರು ಚಾಪೆಯ ಮೇಲಿದ್ದರು, ಅರ್ಧ ಮನುಷ್ಯರಾಗಿದ್ದರು. ನಮ್ಮನ್ನು ಕಂಡದ್ದೇ ಎಡಗಾಲಿನ ಮೇಲೆ ಕಂಬಳಿ ಎಳೆದುಕೊಂಡರು. ಅತ್ತೆ ಹೋಗಿ ಕಂಬಳಿ ತೆಗೆದರು. ಒಳಗೆ ಕೆಲಸ ಮಾಡುವಾಗ ಕಲ್ಲು ಉರುಳಿ ಪಾದದ ಮೇಲೆ ಬಿದ್ದಿತ್ತಂತೆ. ಎರಡು ಬೆರಳು ಇರಲಿಲ್ಲ. ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದರು.

"ಯಾಕೋ ಹೇಳಿ ಕಳಿಸ್ಲಿಲ್ಲ?" ಎಂದು ಅತ್ತೆ ಅಳತೊಡಗಿದರು.

"ಹೇಳಿದ್ರೆ ವಾಪಸ್ ಬಾ ಅಂತಿದ್ದೆ. ವಾಪಸ್ ಬಂದು ಎಲ್ಲಿ ನಿಂತ್ಕೊಳ್ಳಲಿ?" ಎಂದರು ಅವರು. ಆಮೇಲೆ ನನ್ನ ಕಡೆ ನೋಡಿ, "ಊಟ ಆಯ್ತಾ?" ಎಂದರು.

ಇಪ್ಪತ್ತು ದಿನವೂ ಚೆಂಗಮ್ಮ ಆಸ್ಪತ್ರೆಗೆ ಊಟ ಹೊತ್ತಿದ್ದಳು. ಅವಳ ಗಂಡನೂ ಗಣಿಯವನೇ. ಒಳಗೆ ಬಂಡೆ ಸಿಡಿದಾಗ ಸಿಕ್ಕಿಹಾಕಿಕೊಂಡವರಲ್ಲಿ ಅವನೊಬ್ಬ. ಊರಿಗೆ ವಾಪಸು ಹೋದರೆ ಗಂಡನ ಮನೆಯಲ್ಲಿ ಸೇರಿಸಿಕೊಳ್ಳುವವರಿಲ್ಲ. ಹಾಲು ಕುಡಿಯುವ ಮಗಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು, ಒಂಟಿ ಗಂಡಸರಿಗೆ ಬೇಯಿಸಿ ಹಾಕಿಕೊಂಡು ಲೈನಿನಲ್ಲೇ ಉಳಿದಿದ್ದಳು. ಹರಿದ ಅಂಗಿಗಳನ್ನೂ ಅವಳೇ ಹೊಲಿದುಕೊಡುವುದು. ಹನ್ನೆರಡು ಜನರ ಅಂಗಿಯ ಮೇಲೂ ಕೆಂಪು ದಾರ ಕಂಡೆ.

ಕಾಲು ನೆಲಕ್ಕೂರುವವರೆಗೆ ನಾವು ಚೆಂಗಮ್ಮನ ಮನೆಯಲ್ಲೇ ನಿಂತೆವು, ಹದಿನೈದು ದಿನ. ಅಷ್ಟರಲ್ಲಿ ನನ್ನ ಹೊಟ್ಟೆಕಿಚ್ಚು ತಣ್ಣಗಾಗಬೇಕಿತ್ತು. ಅದು ದಿಕ್ಕು ಬದಲಿಸಿತು. ಅತ್ತೆಯ ತವರು ನಂಗಲಿಯ ಆಚೆ. ಚೆಂಗಮ್ಮನ ತವರು ಅಲ್ಲಿಂದ ಕೂಗಳತೆ. ಇಬ್ಬರೂ ತೆಲುಗಿನಲ್ಲಿ ಶುರುಮಾಡಿದರೆ ಮುಗಿಯುತ್ತಲೇ ಇರಲಿಲ್ಲ. ನನ್ನ ಜೊತೆ ಉಪ್ಪು ಖಾರ ಬಿಟ್ಟು ಬೇರೆ ಮಾತಾಡದಿದ್ದ ಅತ್ತೆ ಅವಳ ತೊಡೆ ತಟ್ಟಿ ನಗುತ್ತಿದ್ದರು, ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ನನಗೆ ಬೇಕಿಲ್ಲದಿದ್ದ ಅತ್ತೆ ಇದ್ದಕ್ಕಿದ್ದ ಹಾಗೆ ನನಗೆ ಬೇಕಾದರು. ಸೀಮೆಗಿಲ್ಲದ ಪ್ರೀತಿ ಎಂದು ಗೊಣಗಿಕೊಂಡು ಪಾತ್ರೆ ಉಜ್ಜುತ್ತಿದ್ದೆ.

ಒಂದು ಮಧ್ಯಾಹ್ನ, ಎಲ್ಲರ ಊಟವಾದ ಮೇಲೆ ಚೆಂಗಮ್ಮ ನನ್ನ ಪಕ್ಕ ಬಂದು ಕೂತಳು. "ನಿಂಗೆ ಬರೆಯಕ್ಕೆ ಬರ್ತದಂತಲ್ಲ. ನಮ್ಮಮ್ಮಂಗೆ ಒಂದು ಕಾಗದ ಬರೆದುಕೊಡೇ. ಊರಲ್ಲಿ ಮೇಷ್ಟ್ರಿಗೆ ಕನ್ನಡ ಬರ್ತದೆ, ಓದಿ ಹೇಳ್ತಾರೆ."

ಕಾಗದ ಪೆನ್ಸಿಲು ಹಿಡಿದು ಕೂತೆ. ಮಾತಿಗೆ ಬಡತನವಿಲ್ಲದ ಹೆಂಗಸು, ಈಗ ನೆಲ ಗೀರುತ್ತಿದ್ದಳು.

"ಚೆನ್ನಾಗಿದೀನಿ ಅಂತ ಬರಿ. ಸರೋಜ ಹೆಂಗವ್ಳೆ ಅಂತ ಕೇಳು." ಸರೋಜ ಅವಳ ಮಗಳು, ಆಗ ಐದು ವರ್ಷ.

ಬರೆದೆ. "ಇನ್ನೇನು ಬರೀಲಿ ಅಕ್ಕ?"

"ನಮ್ಮಮ್ಮನ್ನ ಅವಳು ಅಮ್ಮ ಅಂತಾಳೆ" ಎಂದಳು. "ಹೋದ ವರ್ಷ ಹೋಗಿದ್ದೆ. ನನ್ನನ್ನ ಅಕ್ಕ ಅಂತು. ರಾತ್ರಿ ಪಕ್ಕದಲ್ಲಿ ಮಲಗಿಸ್ಕೊಂಡ್ರೆ ಎದ್ದು ಅಜ್ಜಿ ಹತ್ರ ಹೋಯ್ತು. ಹೊಟ್ಟೆ ಉರೀತದೆ ಕಣೇ. ಹೆತ್ತ ತಾಯಿ ಮೇಲೆ ಹೊಟ್ಟೆ ಉರೀತದೆ."

ಪೆನ್ಸಿಲು ಹಿಡಿದೇ ಕೇಳಿದೆ, "ಅದನ್ನ ಬರೀಲಾ?"

"ಅಯ್ಯೋ, ಬೇಡ. ತಿನ್ಸಿ ಉಣ್ಸಿ ಮಾಡೋಳು ಅವಳಲ್ವಾ? ನಾನು ಇಲ್ಲಿ ಕೂತು ಏನು ಮಾಡ್ದೆ?" ಎಂದು ಎದ್ದು ಒಲೆಯ ಹತ್ತಿರ ಹೋದಳು. ನಾನು "ಇಂತಿ ನಿನ್ನ ಮಗಳು" ಎಂದು ಬರೆದು ಮಡಿಸಿದೆ.

ಯಜಮಾನರು ನಮ್ಮ ಜೊತೆ ಊರಿಗೆ ಬಂದರು. ನಾಲ್ಕು ತಿಂಗಳು ಜಗಲಿಯ ಮೇಲೆ ಕೂತು, ಅಣ್ಣಂದಿರ ಮುಖ ನೋಡಲಾರದೆ ಮತ್ತೆ ಗಣಿಗೇ ಹೊರಟರು. ಈಗ ಒಳಗೆ ಇಳಿಯುವುದಿಲ್ಲ, ಮೇಲೆಯೇ, ಸುರಂಗಕ್ಕೆ ಬೇಕಾದ ಮರ ಜೋಡಿಸುವ ಕೆಲಸ. "ನಾನೂ ಬರ್ತೀನಿ" ಎಂದು ಗಂಟು ಕಟ್ಟಿ ನಿಂತೆ. ಅತ್ತೆ ಬೇಡವೆನ್ನುತ್ತಾರೆಂದುಕೊಂಡಿದ್ದೆ. ಅವರು, "ಹೋಗು. ಚೆಂಗಮ್ಮನ ಪಕ್ಕದಲ್ಲೇ ಮನೆ ನೋಡ್ಕೋ" ಎಂದರು. ನನಗೂ ಅದೇ ಬೇಕಿತ್ತು. ಪ್ರೀತಿಗೋ, ಕಣ್ಣಿಡುವುದಕ್ಕೋ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಎರಡೂ ಎನ್ನುತ್ತಿದ್ದೆನೇನೋ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ತಟ್ಟಿ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳಿಸುತ್ತಿತ್ತು.

ವರ್ಷ ತುಂಬುವುದರೊಳಗೆ ಚೆಂಗಮ್ಮನ ತಾಯಿ ತೀರಿಕೊಂಡಳು. ಚೆಂಗಮ್ಮ ಊರಿಗೆ ಹೋಗಿ ಸರೋಜಳನ್ನು ಕರೆದುಕೊಂಡು ಬಂದಳು. ಮಗು ಮಾತಾಡುತ್ತಿರಲಿಲ್ಲ. ಚೆಂಗಮ್ಮನಿಗೆ ಬೆಳಗಾಗುವ ಮುಂಚೆಯೇ ಒಲೆ. ಮೊದಲ ಪಾಳಿಯವರಿಗೆ ಊಟ ಕಟ್ಟಬೇಕು. ಮಗು ಬಂದು ನಮ್ಮ ಬಾಗಿಲಲ್ಲಿ ಕೂರುತ್ತಿತ್ತು. ಮೂರನೆಯ ದಿನ ಕೈಯಲ್ಲೊಂದು ಬಾಚಣಿಗೆ ಹಿಡಿದುಕೊಂಡು ಬಂತು. ಅಜ್ಜಿ ದಿನಾ ಬಾಚುತ್ತಿದ್ದಳಂತೆ. ಕೂರಿಸಿಕೊಂಡು ಸಿಕ್ಕು ಬಿಡಿಸಿ, ಎರಡು ಜಡೆ ಹಾಕಿದೆ. ನನ್ನ ಮೊಣಕಾಲಿಗೆ ಒರಗಿಕೊಂಡು ಕಣ್ಣು ಮುಚ್ಚಿತು.

ನನಗೆ ಇನ್ನೂ ಮಕ್ಕಳಾಗಿರಲಿಲ್ಲ. ದಿನಾ ಯಜಮಾನರು ಕೆಲಸಕ್ಕೆ ಹೊರಟ ಕೂಡಲೇ ಬಾಗಿಲ ಕಡೆ ನೋಡುತ್ತ ಕೂರುವುದು ಅಭ್ಯಾಸವಾಯಿತು. ಜಡೆ ಹಾಕುವುದಕ್ಕೆ ಕಾಲು ಗಂಟೆ ಸಾಕು. ನಾನು ಅರ್ಧ ಗಂಟೆ ಮಾಡುತ್ತಿದ್ದೆ. ಹಾಕಿದ್ದು ವಾರೆಯಾಯಿತು ಎಂದು ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಮಗು ನನ್ನ ಜೊತೆ ಮಾತಾಡತೊಡಗಿತು, ನನ್ನ ಜೊತೆ ಮಾತ್ರ.

ಒಂದು ಬೆಳಗ್ಗೆ ತಲೆ ಎತ್ತಿ ನೋಡಿದರೆ ಚೆಂಗಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯೆಲ್ಲ ರಾಗಿ ಹಿಟ್ಟು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನನ್ನ ಕೈಲಿ ಬಾಚಿಸ್ಕೊಳ್ಳಲ್ಲ ಅಂತಾಳೆ" ಎಂದು ನಕ್ಕಳು. ನಗು ಬಾಯಲ್ಲಿ ಮಾತ್ರ ಇತ್ತು. ಕಣ್ಣಿನಲ್ಲಿದ್ದದ್ದು ನನಗೆ ಚೆನ್ನಾಗಿ ಗೊತ್ತಿದ್ದ ಸಂಗತಿ. ಅದರ ಜೊತೆ ನಾನು ಎರಡು ವರ್ಷ ಸಂಸಾರ ಮಾಡಿದ್ದೆ.

ಮರುದಿನ ಮಗು ಬಾಚಣಿಗೆ ಹಿಡಿದು ಬರುವ ಹೊತ್ತಿಗೆ ನಾನು ಏನೂ ಆಗಿರದ ಬಲಗೈ ಮಣಿಕಟ್ಟಿಗೆ ಒಂದು ಹಳೆ ಬಟ್ಟೆ ಸುತ್ತಿಕೊಂಡು ಕೂತಿದ್ದೆ.

"ಇವತ್ತು ಕೈ ನೋವು ಕಣಮ್ಮಾ. ಆ ಮನೇಲಿ ಬಾಚಿಸ್ಕೋ ಹೋಗು."

"ಅಕ್ಕಂಗೆ ಬರಲ್ಲ."

"ಬರ್ತದೆ. ಹೋಗು."

ಅದು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು ಹೋಯಿತು. ತಟ್ಟಿಯ ಆಚೆಯಿಂದ ಅಳು, "ನೋವು, ನೋವು" ಎನ್ನುವ ಕೂಗು, ಚೆಂಗಮ್ಮನ ಗದರಿಕೆ. ಎರಡನೆಯ ದಿನವೂ ಅಷ್ಟೇ. ನಾಲ್ಕನೆಯ ದಿನ ಅಳು ಕೇಳಿಸಲಿಲ್ಲ. ಆಮೇಲೆ ಒಂದು ದಿನ ಇಬ್ಬರೂ ಏನೋ ತೆಲುಗಿನಲ್ಲಿ ಪಿಸಪಿಸ ಮಾತಾಡಿಕೊಂಡು ನಗುತ್ತಿದ್ದರು. ನಾನು ಈಚೆ ಕಡೆ ಮೊರದಲ್ಲಿ ಬೇಳೆ ಆರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಮಗು ಗಟ್ಟಿಯಾಗಿ, "ಅಮ್ಮಾ, ಇನ್ನೂ ಬಿಗಿಯಾಗಿ ಹಾಕು" ಎಂದಿತು. ನನ್ನ ಕೈ ಮೊರದ ಮೇಲೆ ನಿಂತುಹೋಯಿತು.

ಆ ದಿನ ಬಟ್ಟೆ ಬಿಚ್ಚಬಹುದಿತ್ತು. ಬಿಚ್ಚಲಿಲ್ಲ. ಸಂಜೆ ಕೆಲಸ ಮುಗಿಸಿ ಬಂದ ಯಜಮಾನರು ಕಾಲು ತೊಳೆದುಕೊಂಡು ನನ್ನ ಮಣಿಕಟ್ಟು ನೋಡಿದರು.

"ಇನ್ನೂ ನೋವಾ?"

"ಹೂಂ" ಎಂದೆ. "ಇನ್ನೂ ಸ್ವಲ್ಪ ಐತೆ."